ಹೆಗಲಿನ ಸರದಿ

"ಅವತ್ತು ಯಾರೂ ಮೇಲಕ್ಕೆ ಬರ್ಲಿಲ್ಲ, ಎಮ್ರಿಸ್," ಎಂದಳು ಕೈನ್ವೆನ್, ಚಹಾದ ಬಟ್ಟಲನ್ನು ಅವನ ಮುಂದಿಡುತ್ತ. "ನನ್ನ ಗಂಡ ಕಲ್ಲಿನಡಿ ಸತ್ತು ಬಿದ್ದಿದ್ರೂ ಪಾಳಿ ಮುಗಿಯೋತನಕ ಕಲ್ಲಿದ್ದಲು ಕಡಿದ್ರು. ನೀನೇ ಹಾಗೆ ಹೇಳಿದ್ಯಂತಲ್ಲ."

ಎಮ್ರಿಸ್ ಪ್ರಾಸರ್ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ನಾಂಟ್ವೆನ್ ಗಣಿಯಲ್ಲಿ ಒಬ್ಬ ಸತ್ತರೆ ಉಳಿದವರೆಲ್ಲ ಗುದ್ದಲಿ ಕೆಳಗಿಟ್ಟು ಮೇಲೆ ಬರುತ್ತಿದ್ದರು. ಆ ದಿನ ಮತ್ತೆ ಕೆಲಸವಿಲ್ಲ. ಅದು ಅವನ ಅಜ್ಜನಿಗಿಂತ ಹಳೆಯ ರೂಢಿ. ಕಳೆದ ಚಳಿಗಾಲ, ಯುದ್ಧಕಾಲದ ಸರ್ಕಾರದ ಕಲ್ಲಿದ್ದಲು ಮಂತ್ರಿಯಾಗಿ, ಕಾರ್ಡಿಫ್‌ನ ಗಣಿಗಾರರ ಸಭೆಯಲ್ಲಿ ಅವನೇ ಕೇಳಿಕೊಂಡಿದ್ದ: ಯುದ್ಧ ಮುಗಿಯುವವರೆಗೆ ಈ ರೂಢಿ ಬಿಡಿ, ನಿಮ್ಮವನೇ ಬೇಡುತ್ತಿದ್ದೇನೆ.

ನಾಂಟ್ವೆನ್‌ನಲ್ಲಿ ಸಾವಾದರೂ ಕೆಲಸ ನಿಲ್ಲಲಿಲ್ಲವೆಂಬ ಸುದ್ದಿ ಲಂಡನ್ನಿಗೆ ಬಂದಾಗ ಅವನಿಗೆ ಸಮಾಧಾನವೇ ಆಗಿತ್ತು. ಸತ್ತವನು ಇದ್ವಲ್ ಬೇನನ್ ಎಂದು ತಿಳಿದದ್ದು ಸಂಜೆಗೆ. ಹರೆಯವಿಡೀ ಇಬ್ಬರೂ ಗಣಿಯ ತಗ್ಗು ಸುರಂಗದಲ್ಲಿ ಪಕ್ಕಪಕ್ಕದಲ್ಲಿ ಮಲಗಿ ಕಲ್ಲಿದ್ದಲಿನ ಒಂದೇ ಪದರ ಕಡಿದವರು. ಎಮ್ರಿಸ್ ಮೊದಲ ಸಲ ಚುನಾವಣೆಗೆ ನಿಂತಾಗ ಮನೆಮನೆ ಬಾಗಿಲು ತಟ್ಟಿದವನು ಇದ್ವಲ್.

"ಇವತ್ತು ಇದ್ವಲ್‌ನ ಶವಪೆಟ್ಟಿಗೆಗೆ ನಾನೂ ಹೆಗಲು ಕೊಡ್ಬೇಕು, ಕೈನ್ವೆನ್."

"ನನ್ನನ್ಯಾಕೆ ಕೇಳ್ತೀಯ? ಹೊರೋರು ಹೊರಗಿದಾರೆ, ಅವರನ್ನ ಕೇಳು."

ಹೊರಗೆ ಕಪ್ಪು ಕೋಟಿನ ಗಂಡಸರು ಸರದಿಯಂತೆ ಪೆಟ್ಟಿಗೆ ಹೊರಲು ನಾಲ್ಕು ನಾಲ್ಕು ಜನರ ಸಾಲಾಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿ ಹೇಡನ್.

"ಓಹೋ, ಮಂತ್ರಿಗಳು!" ಎಂದ ಹೇಡನ್. "ರೂಢಿ ಬಿಡಿ ಅಂದೋರಿಗೇ ಈಗ ರೂಢಿ ಬೇಕಾಯ್ತಾ?"

ಯಾರೋ ಮೂಗಿನಲ್ಲೇ ನಕ್ಕರು.

"ಬೇಕು, ಹೇಡನ್."

"ಹಿಂದೆ ಹೋಗಿ ನಿಂತ್ಕೋ. ಸರದಿ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ."

ಅವನು ಕೊನೆಗೆ ಹೋಗಿ ನಿಂತ. ಅವನ ಹಿಂದೆ ಯಾರೂ ಇರಲಿಲ್ಲ; ಪಕ್ಕದಲ್ಲೂ ಇರಲಿಲ್ಲ. ಮೆರವಣಿಗೆ ಸ್ತೋತ್ರ ಹಾಡುತ್ತ ಏರು ಹತ್ತಿತು. ಹೊತ್ತವರು ಬದಿಗೆ ಸರಿದಂತೆ ಮುಂದಿನ ನಾಲ್ವರು ಹೆಗಲು ಕೊಡುತ್ತಿದ್ದರು. ಸಾಲುಗಳು ಒಂದೊಂದಾಗಿ ಕರಗಿದವು. ಒಬ್ಬನೇ ಹೊರುವ ಪೆಟ್ಟಿಗೆ ಯಾವುದೂ ಇಲ್ಲವೆಂಬುದು ಎಮ್ರಿಸ್‌ಗೆ ಆಗ ಹೊಳೆಯಿತು. ಹೇಡನ್ ಅದನ್ನು ಮೊದಲೇ ಎಣಿಸಿಯೇ ಹಿಂದೆ ಕಳಿಸಿದ್ದನೇ?

ಅವನ ಮುಂದಿದ್ದ ಕೊನೆಯ ಸಾಲೂ ಹೊರಲು ಹೋಯಿತು. ಅವನು ಖಾಲಿ ರಸ್ತೆಯಲ್ಲಿ ನಡೆಯುತ್ತಿದ್ದ.

ಆಗಲೇ ಪೆಟ್ಟಿಗೆ ಹೊತ್ತು ದಣಿದಿದ್ದ ಹೇಡನ್ ರಸ್ತೆಯಂಚಿನಲ್ಲಿ ನಿಂತು, ಅವನು ಹತ್ತಿರ ಬರುವವರೆಗೆ ಕೆಮ್ಮಿದ. ಜೊತೆಗೆ ಇನ್ನಿಬ್ಬರು ಮುದುಕರು. ಮೂವರೂ ಅವನ ಮುಖ ನೋಡದೆ ಅವನ ಸಾಲಿಗೆ ಸೇರಿದರು. ಹೇಡನ್ ಕಣ್ಣಲ್ಲೇ ಎಮ್ರಿಸ್‌ನ ಹೆಗಲಿನ ಎತ್ತರ ಅಳೆದು, ತನ್ನದಕ್ಕೆ ಸಮವಾಗದೆಂದು ತಿಳಿದು, ಇನ್ನೊಬ್ಬನೊಡನೆ ಜಾಗ ಬದಲಿಸಿಕೊಂಡ.

ನಾಲ್ವರೂ ಪೆಟ್ಟಿಗೆಯ ಹಿಂದೆ ಹೆಜ್ಜೆ ಕೂಡಿಸಿ ನಡೆದರು. ಸ್ಮಶಾನದ ಗೇಟು ಇನ್ನೂ ಮೇಲಿತ್ತು.