ಇಸ್ತ್ರಿ ಟೀಚರಮ್ಮನ ಟ್ಯಾಬ್

ಅತ್ತೆಯ ಶವಪೆಟ್ಟಿಗೆ ಇಟ್ಟಿದ್ದ ಮೇಜಿನ ಕೆಳಗೆ ಸೊಸೆ ಮೊಣಕಾಲೂರಿ ತೂರಿಕೊಂಡಳು. ಮನೆಯಲ್ಲಿ ನೆಟ್ಟಗಿರುವ ಪ್ಲಗ್ಗು ಅದೊಂದೇ. ಬೆಳಿಗ್ಗೆ ಮೇಜನ್ನು ಅದರ ಮುಂದೆಯೇ ಎಳೆದು ನಿಲ್ಲಿಸಿದವಳೂ ಅವಳೇ. ಮೇಜಿನ ಬಿಳಿ ಬಟ್ಟೆ ಅವಳ ಬೆನ್ನ ಮೇಲೆ ಇಳಿಬಿತ್ತು. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ.

"ಪಾಪ, ನೋಡ್ರೀ, ಅತ್ತೆ ಕಾಲ ಬುಡದಲ್ಲಿ ಹೇಗೆ ಬಿದ್ದಿದ್ದಾಳೆ," ಎಂದಿತು ಕುರ್ಚಿಗಳ ಕಡೆಯಿಂದ ಒಂದು ದನಿ.

"ಇಂಥ ಸೊಸೆ ಸಿಗೋಕೂ ಪುಣ್ಯ ಮಾಡಿರ್ಬೇಕು ಬಿಡಿ."

ಸೊಸೆಯ ಕಿವಿ ಬಿಸಿಯಾಯಿತು. ಅವಳು ಅಳುತ್ತಿರಲಿಲ್ಲ, ಟ್ಯಾಬಿಗೆ ಚಾರ್ಜರ್ ಸಿಕ್ಕಿಸುತ್ತಿದ್ದಳು. ಅದರ ವೈರನ್ನು ಒಂದು ಕಡೆಗೆ ಬಾಗಿಸಿ ಒತ್ತಿ ಹಿಡಿದರೆ ಮಾತ್ರ ಕರೆಂಟು ಹರಿಯುತ್ತಿತ್ತು. ಹಿಡಿದಳು. ಕಪ್ಪು ಪರದೆಯ ಮೇಲೆ ಖಾಲಿ ಬ್ಯಾಟರಿಯ ಚಿತ್ರ ಮೂಡಿತು. ಅತ್ತೆ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಅದನ್ನು ಯಾರೂ ಮುಟ್ಟಿರಲಿಲ್ಲ.

ಗಂಟೆ ಒಂದೂವರೆ. ಮೂರಕ್ಕೆ ಚರ್ಚಿನಲ್ಲಿ ಆರಾಧನೆ. ಅರ್ಧ ಗಂಟೆಯ ಹಿಂದೆ ಪಾಸ್ಟರ್ ಅವಳನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಹೇಳಿದ್ದರು: "ತಮ್ಮ ಅಂತ್ಯಕ್ರಿಯೆಗೆ ಯಾವ ಭಾಗ ಓದ್ಬೇಕು ಅಂತ ಅಮ್ಮ ತಾವೇ ಆರಿಸಿದ್ದಾರೆ. ಯಾವುದು ಅಂತ ಕೇಳ್ದೆ. 'ಟ್ಯಾಬಲ್ಲಿ ಗುರುತು ಹಾಕಿಟ್ಟಿದ್ದೀನಿ, ಸೊಸೆಗೆ ಗೊತ್ತಾಗುತ್ತೆ' ಅಂದ್ರು. ಸ್ವಲ್ಪ ನೋಡಿ ಹೇಳ್ತೀರಾ?"

ಸೊಸೆಗೆ ಗೊತ್ತಾಗುತ್ತೆ. ಆ ಮಾತು ಚಪ್ಪಲಿಯೊಳಗಿನ ಕಲ್ಲಿನಂತೆ ಅವಳನ್ನು ಒತ್ತುತ್ತಿತ್ತು.

ಬಟ್ಟೆಯನ್ನು ಸರಿಸಿ ನಾದಿನಿ ಬಗ್ಗಿ ನೋಡಿದಳು. ಅತ್ತು ಅತ್ತು ಅವಳ ಮುಖ ಊದಿತ್ತು. "ಇನ್ನೂ ಹತ್ತಿಲ್ವಾ ಅತ್ತಿಗೆ? ಅಗ್ಗದ ಟ್ಯಾಬ್ ಬೇಡ ಅಂತ ಅವತ್ತೇ ಬಡ್ಕೊಂಡೆ. ನನ್ನ ಮಾತು ಯಾರಿಗೆ ಬೇಕು?"

ಹಿಂದೆಯೇ ಸೊಸೆಯ ಗಂಡನ ದನಿ: "ಬಿಡೇ ಅತ್ಲಾಗೆ. ಪಾಸ್ಟರ್ ಯಾವ್ದೋ ಒಂದು ಓದ್ತಾರೆ. ಎಲ್ಲಾ ದೇವರ ವಾಕ್ಯಾನೇ ಅಲ್ವಾ?"

"ಯಾವ್ದೋ ಒಂದು ಬೇಡ," ಎಂದಳು ಸೊಸೆ ಮೇಜಿನ ಕೆಳಗಿನಿಂದ. "ಅವ್ರು ಆರಿಸಿದ್ದೇ ಆಗ್ಬೇಕು."

ಇವತ್ತು ಇದು ತೆರೆಯದೇ ಹೋದರೆ, ಟ್ಯಾಬ್ ಆರಿಸಿ ತಂದ ಹದಿನಾಲ್ಕು ತಿಂಗಳಿಂದ ಒಳಗೊಳಗೇ ಹೆದರಿದ್ದು ನಿಜವಾದ ಹಾಗೆ: ತಾನು ಆ ಮುದುಕಿಯ ಕೈಗೆ ಕೆಲಸಕ್ಕೆ ಬಾರದ ವಸ್ತು ಕೊಟ್ಟಿದ್ದೆ. ತನಗೆ ನೋವಾಗದಿರಲಿ ಅಂತ ಅವರು ಸುಮ್ಮನಿದ್ದರು.

*

ಅತ್ತೆ ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವರು. ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಅಕ್ಷರ ಕಲಿತವರು. ಲಾಂಡ್ರಿಯ ಸೆಕೆಯ ಬಗ್ಗೆ, ಸುಟ್ಟ ಕೈಗಳ ಬಗ್ಗೆ ಕೇಳಿದರೆ ಅವರು ಹೇಳುತ್ತಿದ್ದುದು ಒಂದೇ ಕತೆ: ಹನ್ನೊಂದು ಮೇಜಿನ ಸಾಲಿನಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಿದ್ದರು ಎಂಬುದು. ಬಾಗಿಲ ಹತ್ತಿರ ಇಂಥವಳು, ಅವಳ ಪಕ್ಕ ಇಂಥವಳು, ಅವಳ ಪಕ್ಕ ತಾನು. ಕೇಳುವವರಿಗೆ ಆಕಳಿಕೆ ಬರುತ್ತಿತ್ತು.

ನಿವೃತ್ತರಾದ ಮೇಲೆ ಪ್ರತಿ ಬುಧವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಏಳೆಂಟು ಹೆಂಗಸರಿಗೆ ಬೈಬಲ್ ಪಾಠ ಮಾಡಿದರು. ಅರ್ಧದಷ್ಟು ಜನಕ್ಕೆ ಓದಲು ಬಾರದು. ಹೇಳಿದ್ದನ್ನು ಒಪ್ಪಿಸುವಾಗ ಯಾರಾದರೂ ತಡವರಿಸಿದರೆ, "ಸುಕ್ಕು ಉಳೀತು, ಇನ್ನೊಂದ್ಸಲ," ಎನ್ನುತ್ತಿದ್ದರು. ಇಸ್ತ್ರಿ ಟೀಚರಮ್ಮ ಎಂಬ ಹೆಸರು ಅಂಟಿದ್ದು ಹಾಗೆ.

ಕಣ್ಣು ಮಬ್ಬಾದಾಗ ಸೊಸೆಯನ್ನು ಕರೆದು ಕೂರಿಸಿಕೊಂಡರು. ಸೊಸೆ ಕನ್ನಡಕದ ಅಂಗಡಿಯಲ್ಲಿ ಅಳತೆ ತೆಗೆಯುವವಳು. "ಅದೇನೋ ಬೈಬಲ್ ಸಾಫ್ಟ್‌ವೇರ್ ಇದೆಯಂತಲ್ಲಮ್ಮ, ಅದು ಓಡೋ ಅಂಥ ಟ್ಯಾಬ್ ಒಂದು ನೋಡು. ಅಕ್ಷರ ಹೆಬ್ಬೆರಳಷ್ಟು ಕಾಣ್ಬೇಕು. ಓದಿ ಹೇಳೋ ದನೀನೂ ಬರ್ಬೇಕು. ಆದ್ರೆ ನನ್ನ ಒಂದು ತಿಂಗಳ ಪಿಂಚಣಿ ಮೀರ್ಬಾರ್ದು. ನೀನೇ ಆರಿಸು, ನಿನ್ನ ಕೈ ಅಳತೆ ತಪ್ಪಲ್ಲ."

ಆ ಕೊನೆಯ ಮಾತಿಗೆ ಸೊಸೆಗೆ ಆರು ವಾರ ನಿದ್ದೆ ಬರಲಿಲ್ಲ. ಚೀಟಿಗಳ ಹಿಂಬದಿಯಲ್ಲಿ ಕೋಷ್ಟಕ ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಕೊನೆಗೆ ಉಳಿದದ್ದು ಎರಡು ಟ್ಯಾಬ್.

"ಇದು ಎಂಟಿಂಚು, ಮೆಮೊರಿ ಜಾಸ್ತಿ," ಎಂದ ಟ್ಯಾಬ್ ಅಂಗಡಿಯವನು. "ಅದು ಹತ್ತಿಂಚು, ಮೆಮೊರಿ ಕಮ್ಮಿ. ಚಿಕ್ಕ ಮನೆಗೆ ದೊಡ್ಡ ಗೋಡೌನ್ ಬೇಕೋ, ಗೋಡೌನೇ ಇಲ್ದಿರೋ ದೊಡ್ಡ ಹಾಲ್ ಬೇಕೋ, ನೀವೇ ಹೇಳಿ. ಎರಡೂ ಬೇಕಂದ್ರೆ ರೇಟು ಡಬಲ್."

ಸೊಸೆ ಚೀಲದಿಂದ ಅಳತೆಪಟ್ಟಿ ತೆಗೆದು ಕಣ್ಣಿಗೂ ಪರದೆಗೂ ನಲವತ್ತು ಸೆಂಟಿಮೀಟರ್ ಹಿಡಿದಳು.

"ಮೇಡಂ, ನಾಲ್ಕನೇ ಸಲ ಬಂದಿದ್ದೀರಿ. ಟ್ಯಾಬ್ ತಗೋತೀರೋ, ಅದರ ಕಣ್ಣು ಪರೀಕ್ಷೆ ಮಾಡ್ತೀರೋ?"

ಹತ್ತಿಂಚಿನದನ್ನೇ ತಂದಳು. ಮೂರನೆಯ ದಿನ ಪರದೆಯ ಮೇಲೆ 'ಜಾಗ ಸಾಲದು' ಎಂಬ ಸಾಲು ಬಂತು. ಬರಹವೆಲ್ಲ ಹಿಡಿಸಿತ್ತು, ಓದಿ ಹೇಳುವ ದನಿ ಮಾತ್ರ ಬೈಬಲಿನೊಳಗಿನ ಅರವತ್ತಾರು ಪುಸ್ತಕಗಳಲ್ಲಿ ಎರಡು ಮೂರಕ್ಕಿಂತ ಹೆಚ್ಚಿನದು ಹಿಡಿಸುತ್ತಿರಲಿಲ್ಲ. ಕೆಲಸಕ್ಕೆ ಹೊತ್ತಾಗಿತ್ತು. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತು ಹೇಳಿಕೊಟ್ಟಳು: ಹಳೆಯ ದನಿ ಅಳಿಸಲು ಇಲ್ಲಿ ಒತ್ತಿ, ಹೊಸದು ಹಾಕಲು ಇಲ್ಲಿ.

"ಅಳಿಸಿದ್ದು ಎಲ್ಲಿಗೆ ಹೋಗುತ್ತಮ್ಮ?"

"ಹೋಯ್ತು ಅತ್ತೆ, ಅಷ್ಟೇ," ಎಂದು ಬಸ್ಸಿಗೆ ಓಡಿದಳು.

ಆಮೇಲೆ ಪ್ರತಿ ವಾರ ಕೇಳುತ್ತಿದ್ದಳು, ಟ್ಯಾಬ್ ಹೇಗಿದೆ ಅತ್ತೆ? ಪ್ರತಿ ವಾರವೂ ಅದೇ ಉತ್ತರ: "ಚೆನ್ನಾಗಿದೆ ಕಣಮ್ಮ." ಅವಳು ಒಮ್ಮೆಯೂ ನಂಬಲಿಲ್ಲ.

*

ಎರಡೂಮುಕ್ಕಾಲಿಗೆ ಪೆಟ್ಟಿಗೆ ಎತ್ತಿದರು. ವೈರ್ ಕಿತ್ತಾಗ ಬ್ಯಾಟರಿ ಏಳಕ್ಕೆ ಬಂದಿತ್ತು, ನೂರಕ್ಕೆ ಏಳು. ವ್ಯಾನಿನಲ್ಲಿ ಅವಳ ಪಕ್ಕ ಹೊಲಿಗೆಯಮ್ಮ ತುರುಕಿಕೊಂಡು ಕೂತರು. ಬುಧವಾರದ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಓದು ಬಾರದವರು.

ಬೈಬಲ್ ತೆರೆಯಲು ಒತ್ತಿದ್ದಳು, ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ಸೊಸೆ ಉಗುರು ಕಚ್ಚಿದಳು.

"ತಿರುಗುತ್ತೆ, ತಿರುಗ್ಲಿ ಬಿಡು," ಎಂದರು ಹೊಲಿಗೆಯಮ್ಮ. "ಅದು ತಿರುಗಿ ಮುಗಿಸೋಷ್ಟರಲ್ಲಿ ನಾವು ಎರಡು ಹಾಡು ಹಾಡಿ ಮುಗಿಸ್ತಿದ್ವಿ. ಆಮೇಲೆ ನಿಮ್ಮತ್ತೆ ಶುರು ಮಾಡೋರು, 'ಈ ವಾರ ಯಾರನ್ನ ಇಳಿಸೋಣ, ಯಾರನ್ನ ಹತ್ತಿಸೋಣ?' ಥೇಟ್ ಬಸ್ ಕಂಡಕ್ಟರ್!"

"ಪ್ರತಿ ವಾರ ಅಳಿಸ್ತಿದ್ರಾ?"

"ಇನ್ನೇನು ಮಾಡ್ತಾರೆ? ಆದ್ರೆ ಅಳಿಸೋಕೆ ಮುಂಚೆ ನಮ್ಮ ಜೀವ ಹಿಂಡೋರು. 'ಹೋಯ್ತು ಅಂದ್ರೆ ಹೋಯ್ತು ಕಣ್ರೇ, ಈ ದನಿ ಮತ್ತೆ ಬರಲ್ಲ. ಬೇಕಾದ್ದನ್ನ ಈಗ್ಲೇ ತಲೇಲಿ ಇಟ್ಕೊಳ್ರಿ' ಅಂತ. ಬಾಯಿಪಾಠ ಆಗೋವರೆಗೂ ಮನೆಗೆ ಬಿಡ್ತಿರ್ಲಿಲ್ಲ."

ಸೊಸೆ ಪರದೆಯಿಂದ ತಲೆಯೆತ್ತಿದಳು. "ಮತ್ತೆ ಬರ್ತಿತ್ತು ಅಮ್ಮ. ಯಾವಾಗ ಬೇಕಾದ್ರೂ ಹಾಕ್ಕೋಬಹುದಿತ್ತು. ನಾನು... ನಾನೇ ಸರಿಯಾಗಿ ಹೇಳ್ಲಿಲ್ಲ."

ಹೊಲಿಗೆಯಮ್ಮ ಅವಳನ್ನೇ ದಿಟ್ಟಿಸಿದರು. "ಅಯ್ಯೋ ನಿನ್ನ! ಹದಿನಾಲ್ಕು ತಿಂಗಳು ಸುಮ್ಮನೆ ನಮ್ಮ ತಲೆ ತಿಂದ್ರಾ ಆಯಮ್ಮ?" ನಗು ಉಕ್ಕಿ ಬಂತು, ಮುಂದಿನ ಸೀಟಿನವರು ತಿರುಗಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಚಕ್ರ ನಿಂತಿತು. ಗುರುತು ಒಂದೇ ಇತ್ತು. ಒತ್ತಿದಳು. ಅವಳು ಕಾದಿದ್ದು ಸಮಾಧಾನದ ಮಾತಿಗೆ. ಬಂದದ್ದು ಹೆಸರುಗಳ ಪಟ್ಟಿ. ಬೈಬಲಿನ ಕಾಲದಲ್ಲಿ ಬಿದ್ದುಹೋದ ಒಂದು ಊರಗೋಡೆಯನ್ನು ಮತ್ತೆ ಕಟ್ಟಿದವರು, ಯಾರ ಪಕ್ಕದಲ್ಲಿ ಯಾರು ಎಷ್ಟುದ್ದ ಕಟ್ಟಿದರು ಎಂಬುದು, ಅಷ್ಟೇ.

ಚರ್ಚಿನ ಮೆಟ್ಟಿಲ ಮೇಲೆ ಪಾಸ್ಟರ್ ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದನ್ನ ಅಂತ್ಯಕ್ರಿಯೇಲಿ ಯಾರೂ ಓದಲ್ಲಮ್ಮ. ಎಲ್ಲೋ ತಪ್ಪಿ ಬೆರಳು ತಾಗಿರ್ಬೇಕು."

ಇರಬಹುದು. ಅಕ್ಷರವೇ ಸರಿಯಾಗಿ ಕಾಣದ ಕಣ್ಣು. ಬ್ಯಾಟರಿ ಐದು. ಸೊಸೆ ಪಟ್ಟಿಯನ್ನು ಮತ್ತೆ ನೋಡಿದಳು. ಅತ್ತೆಯ ಇಸ್ತ್ರಿ ಮೇಜುಗಳ ಸಾಲು ನೆನಪಾಯಿತು. ಬಾಗಿಲ ಹತ್ತಿರ ಇಂಥವಳು, ಅವಳ ಪಕ್ಕ ಇಂಥವಳು, ಅವಳ ಪಕ್ಕ ತಾನು.

"ತಪ್ಪಿ ತಾಗಿದ್ದಲ್ಲ," ಎಂದಳು. "ನಾನೇ ಓದ್ತೀನಿ."

ಅತ್ತೆ ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿಟ್ಟಿದ್ದರೆಂದರೆ ಒಂದು ಪರದೆಗೆ ಎರಡು ಹೆಸರು ಹಿಡಿಸಿದರೆ ಹೆಚ್ಚು. ಸೊಸೆ ಓದಿದಳು, ಹೆಬ್ಬೆರಳಿನಿಂದ ಸರಿಸಿದಳು, ಓದಿದಳು. ಅಕ್ಕಸಾಲಿಗ ಒಬ್ಬ, ಅವನ ಪಕ್ಕ ಸುಗಂಧ ಮಾರುವವನು. ಕುರ್ಚಿಗಳು ಕಿರುಗುಟ್ಟಿದವು. ನಾದಿನಿ ಅಣ್ಣನ ಕಡೆ ನೋಡಿದಳು, ಅವನು ನೆಲ ನೋಡಿದ. ಯಾರೋ ಕೆಮ್ಮಿದರು. ಇನ್ನೊಬ್ಬ, ತನ್ನ ಹೆಣ್ಣುಮಕ್ಕಳ ಜೊತೆ. ಅವನ ಪಕ್ಕ...

ಪರದೆ ಕಪ್ಪಾಯಿತು.

ಅವಳು ಒತ್ತಿದಳು. ಮತ್ತೆ ಒತ್ತಿದಳು.

ಎರಡನೇ ಸಾಲಿನಲ್ಲಿ ಹೊಲಿಗೆಯಮ್ಮ ಕೂತಲ್ಲಿಂದಲೇ ಮುಂದಿನ ಹೆಸರು ಹೇಳಿದರು. ಅವರ ಪಕ್ಕದವರು ಅದರ ಮುಂದಿನದು. ಆಮೇಲೆ ಬುಧವಾರದ ಗುಂಪಿನ ಏಳೂ ದನಿ ಒಟ್ಟಿಗೆ ಹೊರಟವು, ಬಾಗಿಲು, ಅಗುಳಿ, ಬುರುಜು, ಒಂದೊಂದನ್ನೂ ಕಟ್ಟಿದವರ ಹೆಸರು. ಒಂದು ಕಡೆ ಯಾರೋ ತಡವರಿಸಿದರು.

"ಸುಕ್ಕು," ಎಂದಿತು ಇನ್ನೊಂದು ದನಿ ಮೆಲ್ಲಗೆ. ತಡವರಿಸಿದವರು ಆ ಹೆಸರಿಗೆ ಹಿಂತಿರುಗಿ ಮತ್ತೆ ಹೇಳಿದರು.

ಪಕ್ಕದ ಕಿಟಕಿಯ ಬೆಳಕು ಆರಿದ ಗಾಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಬಲಬದಿಯ ಕೆಳಮೂಲೆಯಲ್ಲಿ ಒಂದು ಮಸುಕು ಗೀರು ಕಂಡಿತು, ಹೆಬ್ಬೆರಳಿನ ಅಗಲದ್ದು, ಅತ್ತೆಯ ಬೆರಳು ಸರಿಸಿ ಸರಿಸಿ ಸವೆದದ್ದು. ಸೊಸೆಯ ಹೆಬ್ಬೆರಳು ಅದರ ಮೇಲೆಯೇ ಇತ್ತು. ಹೆಂಗಸರು ಒಂದೊಂದು ಹೆಸರು ದಾಟಿದಾಗಲೂ ಅದು ಆ ಗೀರಿನಲ್ಲಿ ಒಂದು ಸಲ ಸರಿಯುತ್ತಿತ್ತು.