ಬದಲಿ ಅಡುಗೆಯವನು

"ವಹಿನಿ, ನೀವು ಹಿಂಗ ದಿನಾ ಬಂದು ಕೂತ್ರ ಹಡಗ ಮುಂದ ಹೋಗ್ತದೇನ್ರಿ?" ಕಂಪ್ಯೂಟರಿನಿಂದ ಕಣ್ಣು ಕೀಳದೆಯೇ ಅವಿನಾಶ್ ಕೇಳಿದ.

ಭವ್ಯಶ್ರೀ ಎದುರಿನ ಕುರ್ಚಿ ಎಳೆದು ಕೂತಳು. ಹಡಗುಗಳಿಗೆ ಕೆಲಸದವರನ್ನು ಕಳಿಸುವ ಆ ಏಜೆನ್ಸಿ ಮರಾಠಿ ಸೀಮೆಯ ನಿಗಡಿಯಲ್ಲಿ ಒಂದು ಮೊಬೈಲ್ ಅಂಗಡಿಯ ಮಹಡಿಯ ಮೇಲಿತ್ತು. ಲ್ಯಾಬಿನಲ್ಲಿ ಅರ್ಧ ದಿನ ರಜೆ ಹಾಕಿ ಅವಳು ಅಲ್ಲಿಗೆ ಬರುತ್ತಿರುವುದು ಇದು ಹನ್ನೊಂದನೆಯ ಸಲ. ಅವಳ ಗಂಡ ರಘುರಾಮ ತೈಲದ ಹಡಗೊಂದರಲ್ಲಿ ಅಡುಗೆಯವನು. ಒಂಬತ್ತು ತಿಂಗಳ ಕರಾರು ಮುಗಿದೇ ಐದು ತಿಂಗಳಾಗಿತ್ತು. ಅಷ್ಟರಲ್ಲಿ ಕೊಲ್ಲಿಯಲ್ಲಿ ಯುದ್ಧ ಶುರುವಾಗಿ, ಹಡಗು ದಾಟಬೇಕಾದ ಜಲಸಂಧಿ ಮುಚ್ಚಿ, ನೂರಾರು ಹಡಗುಗಳ ಜೊತೆ ಅದೂ ಲಂಗರು ಹಾಕಿ ನಿಂತುಬಿಟ್ಟಿತ್ತು.

ಗೋಡೆಯ ಟಿವಿಯಲ್ಲಿ ಯಾವುದೋ ದೇಶದ ಮಂತ್ರಿ ಕೈ ಕುಲುಕುತ್ತಿದ್ದ. ಕೆಳಗೆ ಒಂದು ಬ್ಯಾರೆಲ್ ಎಣ್ಣೆಯ ಬೆಲೆ ಏರಿದ್ದು, ಇಳಿದದ್ದು, ಮತ್ತೆ ಏರಿದ್ದು ಓಡುತ್ತಲೇ ಇತ್ತು. ಎಣ್ಣೆಯ ಸುದ್ದಿ ಹತ್ತು ನಿಮಿಷಕ್ಕೊಮ್ಮೆ ಬರುತ್ತದೆ, ಎಣ್ಣೆಯ ಮೇಲೆ ಕೂತ ಮನುಷ್ಯರ ಸುದ್ದಿ ಮಾತ್ರ ಯಾವ ಚಾನೆಲ್ಲಿಗೂ ಬೇಡ ಎಂದುಕೊಂಡು ಅವಳು ಮುಖ ತಿರುಗಿಸಿದಳು.

"ಎಂತ ಸರ್, ಮೂರು ತಿಂಗಳಿಂದ ಇದನ್ನೇ ಹೇಳ್ತಾ ಇದ್ದೀರಿ. ಇವರನ್ನು ಇಳಿಸ್ತೀರಾ ಇಲ್ವಾ, ಅದೊಂದು ಹೇಳಿ."

"ಅಡಗಿಯವನಿಲ್ದ ಹಡಗ ಇರೋಹಂಗಿಲ್ರಿ, ಕಾಯ್ದೆ ಅದ. ಇನ್ನೊಬ್ಬ ಹತ್ತಿದ ಮ್ಯಾಲೇ ನಿಮ್ಮವರು ಇಳೀಬೇಕು. ಈಗ ಆ ಕಡೆ ಹೋಗು ಅಂದ್ರ ಯಾರು ಹೋಗ್ತಾರ್ರಿ?" ಅವಿನಾಶ್ ಕುರ್ಚಿ ಹಿಂದಕ್ಕೆ ತಳ್ಳಿ ಮೊದಲ ಬಾರಿಗೆ ಅವಳ ಮುಖ ನೋಡಿದ. ಬೆಳಗಾವಿಯವನು, ಕನ್ನಡದವಳೆಂದು ಗೊತ್ತಾದ ಮೇಲೆ ಅತ್ತಿಗೆ ಎನ್ನುವ ಹಾಗೆ ವಹಿನಿ ಎಂದು ಕರೆದು ಅವಳಿಗೆ ಚಹಾ ತರಿಸುತ್ತಿದ್ದ, ಕೆಲಸವನ್ನಂತೂ ಮಾಡಿಕೊಟ್ಟಿರಲಿಲ್ಲ. "ಆದ್ರ ಇವತ್ತ ನಿಮ್ಮ ನಸೀಬ ಚಲೋ ಅದ. ಒಬ್ಬ ಸಿಕ್ಕಾನ. ಈಗ ಬರ್ತಾನ, ಕೂಡ್ರಿ."

ಬಂದವರು ಇಬ್ಬರು. ನಲವತ್ತು ದಾಟಿದ ಬಾಳು, ಅವನ ಹಿಂದೆ ಹೆಂಡತಿ ಕೃಷ್ಣಾಬಾಯಿ. ಭೋರ್ ಕಡೆಯವರು. ಬಾಳು ಚಾಕಣದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹದಿನೈದು ವರ್ಷ ಅಡುಗೆ ಮಾಡಿದ್ದನಂತೆ. ಅಮೆರಿಕದವರು ಸುಂಕ ಏರಿಸಿದ ಮೇಲೆ ಆ ದೇಶಕ್ಕೆ ಹೋಗುತ್ತಿದ್ದ ಕಾರಿನ ಬಿಡಿಭಾಗಗಳು ನಿಂತವು, ಎರಡು ಪಾಳಿ ನಿಂತವು, ಕ್ಯಾಂಟೀನೂ ನಿಂತಿತು. ಹಡಗಿನ ಅಡುಗೆಯ ಕೋರ್ಸು ಮುಗಿಸಿ ಬಂದಿದ್ದ. ಸಮುದ್ರ ನೋಡಿದ್ದು ಒಮ್ಮೆ, ಅಲಿಬಾಗಿನಲ್ಲಿ.

ಅವನು ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟ. ಕೃಷ್ಣಾಬಾಯಿ ಕೂರಲಿಲ್ಲ. "ಸಾಹೇಬರೇ, ಅಲ್ಲಿ ಬಾಂಬು ಬೀಳುತ್ತದೆ ಅಂತ ಟಿವಿಯಲ್ಲಿ ತೋರಿಸ್ತಾರಲ್ಲ?" ಎಂದು ಮರಾಠಿಯಲ್ಲಿ ಕೇಳಿದಳು.

"ಟಿವಿಯವರ ಮಾತು ಬಿಡಿ ಮಾವಶಿ. ಇವರ ಯಜಮಾನರು ಅದೇ ಹಡಗಿನಲ್ಲಿದ್ದಾರೆ, ಇವರನ್ನೇ ಕೇಳಿ," ಎಂದವನೇ ಅವಿನಾಶ್ ಭವ್ಯಶ್ರೀಯ ಕಡೆ ಬಾಗಿ, ಮುಖದ ನಗು ಹಾಗೇ ಇಟ್ಟುಕೊಂಡು ಕನ್ನಡಕ್ಕೆ ಹೊರಳಿದ. "ಒಂದ ಮಾತು ಹೇಳ್ರಿ ವಹಿನಿ, ಆರಾಮ ಇದ್ದಾರ ಅಂತ. ಬರೋ ಐತವಾರ ನಿಮ್ಮವರು ಮನ್ಯಾಗ ಇರ್ತಾರ."

ಕೃಷ್ಣಾಬಾಯಿ ಇಬ್ಬರ ಬಾಯಿಯನ್ನೂ ನೋಡುತ್ತಿದ್ದಳು.

ಭವ್ಯಶ್ರೀಯ ಕಿವಿಯಲ್ಲಿ ಮೊನ್ನೆಯ ರಘುರಾಮನ ಧ್ವನಿ ಇತ್ತು. 'ನನ್ನನ್ನು ಹೇಗಾದ್ರೂ ಇಳಿಸು ಮಾರಾಯ್ತಿ' ಎಂದು ಚಿಕ್ಕ ಮಗುವಿನ ಹಾಗೆ ಅತ್ತಿದ್ದ. ಅವಳು ಮರಾಠಿಯಲ್ಲಿ, "ಚೆನ್ನಾಗಿದ್ದಾರೆ. ಏನೂ ತೊಂದರೆ ಇಲ್ಲ," ಎಂದಳು. ತನ್ನ ಧ್ವನಿ ಇಷ್ಟು ಸಲೀಸಾಗಿ ಬಂದದ್ದು ನೋಡಿ ಅವಳಿಗೇ ಅಸಹ್ಯವಾಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಮೆಟ್ಟಿಲಿಳಿದಳು.

ರಸ್ತೆಗೆ ಬಂದು ರಿಕ್ಷಾಕ್ಕೆ ಕೈ ಮಾಡುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದು. ಕೃಷ್ಣಾಬಾಯಿ ಒಬ್ಬಳೇ ಇಳಿದು ಬಂದಿದ್ದಳು.

"ತಾಈ, ಅವರು ಫಾರ್ಮು ತುಂಬ್ತಾ ಇದ್ದಾರೆ. ಒಂದು ಕೇಳಲಾ? ಆ ಸಾಹೇಬ ನಿಮ್ಮ ಭಾಷೆಯಲ್ಲಿ ಏನು ಹೇಳಿದ?"

ರಿಕ್ಷಾ ಬಂದು ನಿಂತಿತು. ಚಾಲಕ ಎಲ್ಲಿಗೆಂದು ಕೇಳಿದ. ಹತ್ತಿ ಕೂತಿದ್ದರೆ ಮುಗಿಯುತ್ತಿತ್ತು. ಭವ್ಯಶ್ರೀಗೆ ಇದ್ದಕ್ಕಿದ್ದಂತೆ ಎಲ್ಲರ ಮೇಲೂ ಸಿಟ್ಟು ಬಂತು: ಕೈ ಕುಲುಕುವ ಮಂತ್ರಿಗಳ ಮೇಲೆ, ಅವಿನಾಶನ ಚಹಾದ ಮೇಲೆ, ಅಳುವ ಗಂಡನ ಮೇಲೆ, ಎಲ್ಲ ಬಿಟ್ಟು ತನ್ನನ್ನೇ ಕೇಳಲು ಬಂದ ಈ ಹೆಂಗಸಿನ ಮೇಲೆ.

"ಸುಳ್ಳು ಹೇಳು ಅಂದ," ಎಂದಳು. "ಹೇಳಿದೆ."

ಆಮೇಲೆ ತಡೆಯಲಾಗಲಿಲ್ಲ. ಕುಡಿಯಲು ದಿನಕ್ಕೆ ತಲೆಗೆ ಎರಡು ಲೀಟರ್ ನೀರು, ಸ್ನಾನ ಉಪ್ಪುನೀರಿನಲ್ಲಿ. ಪಕ್ಕದ ಹಡಗಿನ ಮೇಲೆ ಡ್ರೋನು ಬಿದ್ದದ್ದು ಊಟದ ಹೊತ್ತಿಗೆ. ಅವತ್ತಿನಿಂದ ರಘುರಾಮ ಬೂಟು ಕಳಚದೆ, ಲೈಫ್ ಜಾಕೆಟ್ ಹಾಕಿಕೊಂಡೇ ಮಲಗುತ್ತಾನೆ. ಒಮ್ಮೆ ಹತ್ತಿದವನನ್ನು ಯಾವಾಗ ಇಳಿಸುತ್ತಾರೆಂದು ಯಾರಿಗೂ ಗೊತ್ತಿಲ್ಲ.

ಕೃಷ್ಣಾಬಾಯಿ ತಿರುಗಿ ಮೆಟ್ಟಿಲು ಹತ್ತಿದಳು. ಮೇಲಿನಿಂದ ಜೋರು ಮಾತು ಕೇಳಿಸಿತು, ಕುರ್ಚಿ ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ಪಾಸ್‌ಪೋರ್ಟನ್ನು ಮುಷ್ಟಿಯಲ್ಲಿ ಹಿಡಿದು ಇಳಿದು ಬಂದಳು. ಭವ್ಯಶ್ರೀಯ ಕಡೆ ನೋಡದೆ ಬಸ್ಸಿನ ನಿಲ್ದಾಣದತ್ತ ನಡೆದಳು. ಹಿಂದೆಯೇ ಬಂದ ಬಾಳು ಮಾತ್ರ ನಿಂತ.

"ಆರು ತಿಂಗಳಿಂದ ಮನೆಯಲ್ಲಿ ಕೂತಿದ್ದೇನೆ," ಎಂದ. "ಅಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿರಾ? ಇವಳಿಗೆ ಗೊತ್ತಾಗಬಾರದಿತ್ತು, ಅಷ್ಟೆ. ನಿಮ್ಮನ್ನು ಯಾರು ಕೇಳಿದ್ದು?"

ಅಷ್ಟು ಹೇಳಿ ಅವನೂ ಹೆಂಡತಿಯ ಹಿಂದೆ ನಡೆದ.

ಮನೆ ಮುಟ್ಟುವ ಮೊದಲೇ ಅವಿನಾಶನ ಫೋನು. "ಏನ್ ಮಾಡಿದ್ರಿ ಇದು? ಮೂರು ತಿಂಗಳ ಹುಡುಕಿ ಹಿಡದ ತಂದಿದ್ದೆ. ನಿಮ್ಮ ಕೈಯಿಂದ ನೀವೇ ಬಾಗಲಾ ಹಾಕ್ಕೊಂಡ್ರಿ. ಇನ್ನ ನನ್ನ ಆಫೀಸಿಗೆ ಬರಬ್ಯಾಡ್ರಿ." ಅವಳು ಹೂಂ ಎನ್ನುವ ಮೊದಲೇ ಇಟ್ಟುಬಿಟ್ಟ.

ಸಂಜೆ ಏಳಕ್ಕೆ ರಘುರಾಮನ ಕರೆ ಬಂತು. ಹಡಗಿನಲ್ಲಿ ತಲೆಗೆ ದಿನಕ್ಕೆ ಹದಿನೈದು ನಿಮಿಷ ನೆಟ್ ಕೊಡುತ್ತಿದ್ದರು.

"ಎಂತಾಯ್ತು? ಬದಲಿಗೆ ಒಬ್ಬ ಸಿಕ್ಕಿದ್ದಾನೆ ಅಂತ ಏಜೆನ್ಸಿಯವರ ಮೆಸೇಜ್ ಇತ್ತು. ಅವ ಸೈನ್ ಹಾಕಿದ್ನಾ?"

ಮುಚ್ಚಿಡಬಹುದಿತ್ತು. ಒಂದೇ ದಿನಕ್ಕೆ ಎರಡನೇ ಸಲ ಅವಳಿಂದ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಅತ್ತ ಅವನ ಧ್ವನಿ ಏರಿತು. "ನಿನಗೆ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗ್ಲಿಲ್ವಾ? ಅವರ್ಯಾರು ನಿನಗೆ? ಅತ್ತೆಯ ಮಗಳಾ?"

"ನೀವು ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳಿದ್ದು."

"ನಾನು ಹೇಳಿದ್ದು ಹೆಂಡತಿಗೆ! ಊರಿಗಲ್ಲ!"

"ಅವಳೂ ಹೆಂಡತಿಯೇ ಅಲ್ವಾ," ಎಂದಳು. ಆ ಮಾತು ಮುಗಿಯುವಾಗ ಫೋನು ಕಟ್ಟಾಗಿತ್ತು.

ಮರುದಿನ ಕರೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಎರಡು ಸಲ ನರ ತಪ್ಪಿ, ರೋಗಿಗಳಿಂದ ಬೈಸಿಕೊಂಡಳು. ಟಿವಿಯಲ್ಲಿ ಕದನವಿರಾಮ ಎಂದರು, ಸಂಜೆಗೆ ಮುರಿಯಿತು ಎಂದರು. ಏಜೆನ್ಸಿಯ ಮುಂಬಯಿ ಆಫೀಸಿಗೆ ಬರೆದ ಇಮೇಲಿಗೆ, ನಿಮ್ಮ ಪತ್ರ ತಲುಪಿದೆ ಎಂಬ ಯಂತ್ರದ ಉತ್ತರ ಮೂರು ಸಲ ಬಂತು. ಮಾಡಿದ್ದು ಸರಿ ಎಂದು ಒಂದು ಗಳಿಗೆ ಅನ್ನಿಸಿದರೆ, ಮುಂದಿನ ಗಳಿಗೆಯಲ್ಲಿ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಐದನೆಯ ಸಂಜೆ ಏಳಕ್ಕೆ ಫೋನು ಹೊಡೆದುಕೊಂಡಿತು.

ಅವನು ಹಲೋ ಎನ್ನಲಿಲ್ಲ. "ಆ ಮನುಷ್ಯನಿಗೆ ಮಕ್ಕಳಿದ್ದಾರಾ?" ಎಂದು ಕೇಳಿದ.

"ಗೊತ್ತಿಲ್ಲ. ಕೇಳ್ಲಿಲ್ಲ."

"ಹೂಂ. ನನಗೆ ಕೋಪ ಇಳಿದಿಲ್ಲ ಭವ್ಯಾ. ಈಗ ಮಾತಾಡಿದ್ರೆ ಬೈತೇನೆ."

"ಬೈಯಿರಿ."

"ಬೇಡ. ಇಪ್ಪತ್ತೆರಡು ಜನರ ಊಟ ಆಗ್ಬೇಕು."

ಕರೆ ಮುಗಿಯಿತೆಂದು ಅವಳು ಫೋನನ್ನು ಕಿವಿಯಿಂದ ತೆಗೆಯಹೋದಳು. ಮುಗಿದಿರಲಿಲ್ಲ. ಅವನು ಫೋನನ್ನು ಅಡುಗೆಕಟ್ಟೆಯ ಮೇಲೆ ಇಟ್ಟಿದ್ದನೆಂದು ಕಾಣುತ್ತದೆ. ತಟ್ಟೆಯೊಂದು ಸರಿದ ಸದ್ದು, ಆಮೇಲೆ ಮರದ ಹಲಗೆಯ ಮೇಲೆ ಈರುಳ್ಳಿ ಕೊಚ್ಚುವ ಸದ್ದು ಬರತೊಡಗಿತು, ಒಂದೇ ಸಮನೆ, ಅವನ ಎಂದಿನ ವೇಗದಲ್ಲಿ. ಭವ್ಯಶ್ರೀ ಗೋಡೆಗೊರಗಿ ನೆಲದ ಮೇಲೆ ಕೂತಳು. ಫ್ಯಾನಿನ ಸದ್ದು ಅಡ್ಡ ಬರುತ್ತಿತ್ತು, ಕೈ ಚಾಚಿ ಆರಿಸಿದಳು. ನೆಟ್ ಇನ್ನೂ ಹನ್ನೆರಡು ನಿಮಿಷ ಇತ್ತು.