ನೀಲಿ ಕಾರಿನ ಬ್ರೇಕು

"ಒಂಬತ್ತನೇ ಕ್ಲಾಸ್ ದಾಟಕ್ಕಾಗ್ಲಿಲ್ಲ ನಿನ್ ಕೈಲಿ. ಕಾಯಿ ಸುಲಿಯೋ ಮಿಷನ್ನಿಗೆ ಗ್ರೀಸ್ ಮೆತ್ಕೊಂಡ್ ಬಿದ್ದಿರೋನು. ನನ್ ಮಗನ್ ಪ್ರಾಣಕ್ಕೆ ಗ್ಯಾರಂಟಿ ಕೊಡಕ್ಕೆ ಬಂದವ್ನೆ. ನೋಡ್ರಪ್ಪಾ, ಇಂಜಿನಿಯರ್ರು!"

ತೋಂಟದಾರ್ಯ ಸಾಹುಕಾರರು ಇದನ್ನು ಹೇಳಿದ್ದು ತಿಪಟೂರಿನ ತಮ್ಮ ಕೊಬ್ಬರಿ ಮಂಡಿಯ ಮುಂದೆ, ಹರಾಜಿನ ದಿನ. ಬೆನ್ನ ಮೇಲೆ ಚೀಲ ಹೊತ್ತ ಹಮಾಲಿಗಳು ಹಾಗೇ ನಿಂತರು. ಅರಳಗುಪ್ಪೆ ಕಡೆಯ ರೈತರು ನಾಲ್ಕೈದು ಜನ ಜಗಲಿಯ ಮೇಲೆ ಕುಂತಿದ್ದರು, ಅವರೂ ತಿರುಗಿದರು. ಹಮಾಲಿ ರಾಜಣ್ಣ ನಗಲು ಹೋಗಿ ಕೆಮ್ಮಿದ. ನಾನು ಹೇಳಿದ್ದು ಇಷ್ಟೇ: "ಸಾವ್ಕಾರ್ರೆ, ಕಾರು ಗಟ್ಟಿಯಾಗೈತೆ, ನಾನು ಗ್ಯಾರಂಟಿ." ಅಷ್ಟಕ್ಕೇ.

ನನ್ನ ಬೆನ್ನ ಹಿಂದೆ ಲಾರಿಯ ಮೇಲೆ ಆ ಕಾರು ನಿಂತಿತ್ತು. ನೀಲಿ ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಸೊಂಟದೆತ್ತರವೂ ಇಲ್ಲ. ಹದಿನೇಳು ವರ್ಷ ಹಳೆಯ ಸ್ಪೋರ್ಟ್ಸ್ ಕಾರು, ಕೊಯಮತ್ತೂರಿನಿಂದ ಆಗಷ್ಟೇ ತಂದದ್ದು. ತೆಗೆದುಕೊಂಡವನು ಸಾಹುಕಾರರ ಒಬ್ಬನೇ ಮಗ ಜ್ಞಾನೇಶ. ಆರಿಸಿದವನು ನಾನು, ಸೂರ್ಯಪ್ರಕಾಶ. ಊರಿಗೆಲ್ಲ ಸೂರಿ.

ಜ್ಞಾನೇಶನೂ ನಾನೂ ಒಂಬತ್ತನೆಯ ತರಗತಿಯ ತನಕ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ಅವನು ಬೆಂಗಳೂರಿಗೆ ಓದಲು ಹೋದ, ನಾನು ತುರುವೇಕೆರೆ ರಸ್ತೆಯ ಗ್ಯಾರೇಜಿಗೆ ಹೋದೆ. ಓದು ಮುಗಿಸಿ ಅವನು ಮಂಡಿಗೆ ಬಂದು ಕೂತ. ಕಾಲೇಜಿನ ಗೆಳೆಯರು ಒಂದು ಸಲ ಅವನನ್ನು ರೇಸ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ತಿಂಗಳಿಗೊಂದು ಭಾನುವಾರ ದುಡ್ಡು ಕಟ್ಟಿದ ಯಾರು ಬೇಕಾದರೂ ತಮ್ಮ ಕಾರನ್ನು ತಮಗೆ ತಾಕತ್ತಿದ್ದಷ್ಟು ಜೋರಾಗಿ ಓಡಿಸಬಹುದು. ಅಲ್ಲಿಂದ ಬಂದವನಿಗೆ ಊಟ ಸೇರಲಿಲ್ಲ. ಕಾರು ಬೇಕು, ಆದರೆ ಬಾನೆಟ್ ಎತ್ತಿದರೆ ಯಾವುದು ಏನು ಅಂತ ಗೊತ್ತಿಲ್ಲ. ಅದಕ್ಕೇ ನಾನು.

ಕೊಯಮತ್ತೂರಿನಲ್ಲಿ ಅವನು ಬಣ್ಣ ನೋಡುತ್ತ, ಸೀಟು ಸವರುತ್ತ ನಿಂತಿದ್ದ. ನಾನು ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಮೈಯೆಲ್ಲ ಆಡಿಸಿದೆ. ಎಲ್ಲಿ ಅಂಟಲಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಹಿಂದಿನ ಬಲ ಮೂಲೆಯಲ್ಲಿ ಅಂಗೈಯಷ್ಟು ಜಾಗ, ಬೇರೆಲ್ಲೂ ಇಲ್ಲ. ನೆಲದ ಮೇಲೆ ಮಲಗಿ ಅಡಿಗೆ ತೂರಿ ಒಂದೊಂದು ಬೆಸುಗೆಯನ್ನೂ ಮುಟ್ಟಿ ನೋಡಿದೆ. ಎದ್ದು ಬಂದು ಹೇಳಿದೆ: "ಇಂಜಿನ್ನು ಚೆನ್ನಾಗೈತೆ. ಶಾಕ್ ಅಬ್ಸಾರ್ಬರ್ ಸತ್ತೋಗವೆ. ಬ್ರೇಕೂ ಸತ್ತೋಗೈತೆ. ಅವೆರಡೂ ನಂಗೆ ಬುಡು. ತಗೋ."

ಅಂಥವನಿಗೆ ಮಂಡಿಯ ಮುಂದೆ ಆ ಮಾತು. ಜ್ಞಾನೇಶ ನನ್ನ ಭುಜ ಅದುಮಿ, "ಅಪ್ಪ ಹಂಗೇನೆ, ಬುಡ್ಲಾ" ಎಂದ. ಬಿಟ್ಟೆ. ಬಿಡುವುದೇನು ಬಂತು, ನುಂಗಿಕೊಂಡೆ.

ನಾಲ್ಕು ತಿಂಗಳು. ಹಗಲೆಲ್ಲ ಟ್ರ್ಯಾಕ್ಟರು, ಸುಲಿಯುವ ಯಂತ್ರ. ಸಂಜೆ ಮತ್ತು ಭಾನುವಾರ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ನೀಲಿ ಕಾರು. ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಕಲಿತೆ. ಒಬ್ಬ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ಇನ್ನೊಬ್ಬ ಮಲಯಾಳದಲ್ಲಿ. ಮಾತು ಯಾರಿಗೆ ಬೇಕು, ಅವರ ಕೈ ನೋಡುತ್ತಿದ್ದೆ. ಮ್ಯೂಟ್ ಮಾಡಿ, ನಿಲ್ಲಿಸಿ ನಿಲ್ಲಿಸಿ, ಪಾನಾ ಯಾವ ಕಡೆ ತಿರುಗಿತು ಎಂದು ನೋಡುತ್ತಿದ್ದೆ. ಹಳೆಯ ಶಾಕು ಕಿತ್ತು ಗಟ್ಟಿ ಶಾಕು ಕೂರಿಸಿದೆ. ಏಸಿ, ಕಾರ್ಪೆಟ್ಟು, ಸ್ಟೆಪ್ನಿ ಎಲ್ಲ ತೆಗೆದು ಭಾರ ಇಳಿಸಿದೆ. ಬ್ರೇಕಿನ ರಬ್ಬರ್ ಪೈಪುಗಳ ಜಾಗಕ್ಕೆ ಉಕ್ಕಿನ ತಂತಿ ಹೆಣೆದ ಪೈಪು ಎಳೆದೆ.

ಬ್ರೇಕ್ ಪ್ಯಾಡುಗಳನ್ನು ತರಿಸಿದ್ದು ಬೆಂಗಳೂರಿನ ರೇಣುಕಪ್ರಸಾದ್ ಅವರಿಂದ. ಟ್ರ್ಯಾಕಿಗೆ ಹೋಗುವ ಕಾರುಗಳನ್ನೇ ಸಿದ್ಧಮಾಡುವ ಶೆಡ್ಡು ಅವರದು. ಫೋನಿನಲ್ಲಿ ಕೇಳಿದರು:

"ಏನು ಓದಿದೀಯಾ ತಮ್ಮಾ?"

"ಒಂಬತ್ತು ಸಾರ್. ಅದೂ ಪೂರ್ತಿ ಇಲ್ಲ."

"ಡಿಸ್ಕ್ ಎಷ್ಟು ದಪ್ಪ ಉಳಿದಿದೆ?"

ಡಿಸ್ಕೆಂದರೆ ಚಕ್ರದ ಒಳಗೆ ತಿರುಗುವ ಕಬ್ಬಿಣದ ತಟ್ಟೆ. ಪ್ಯಾಡು ಅದನ್ನು ಕಚ್ಚಿ ಹಿಡಿದರೇ ಕಾರು ನಿಲ್ಲುವುದು. ನಾಲ್ಕು ಡಿಸ್ಕಿನ ಅಳತೆಯನ್ನೂ ಹೇಳಿದೆ, ಒಂದೊಂದನ್ನು ಆರಾರು ಕಡೆ ಅಳೆದದ್ದು. ಅವರು, "ನೀವು ಟ್ರ್ಯಾಕಿಗೆ ಹೋಗೋ ಭಾನುವಾರ ನಾನೂ ಅಲ್ಲಿರ್ತೀನಿ. ನಿನ್ನ ಕಾರು ನೋಡ್ತೀನಿ. ಕೆಲಸ ಸರಿಯಾಗಿದ್ರೆ ನನ್ನ ಶೆಡ್ಡಿಗೆ ಬಂದ್ಬಿಡು" ಎಂದರು.

ಅವತ್ತಿನಿಂದ ಆ ಕಾರು ಜ್ಞಾನೇಶನದಲ್ಲ, ನನ್ನದು. ಕಾಗದದಲ್ಲಿ ಯಾರ ಹೆಸರಾದರೂ ಇರಲಿ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೆಳಿಗ್ಗೆ ಐದೂವರೆಗೆ, ಸಿಮೆಂಟ್ ಲಾರಿಗಳು ಏಳುವ ಮೊದಲು, ಅಮ್ಮಸಂದ್ರದ ರಸ್ತೆಯಲ್ಲಿ ಮೂವತ್ತು ಸಲ ಓಡಿಸಿ ಮೂವತ್ತು ಸಲ ಬ್ರೇಕ್ ಒತ್ತಿದೆ. ಡಿಸ್ಕಿನ ಮೇಲೆ ಬೂದು ಬಣ್ಣದ ಸಣ್ಣ ಪದರ ಕೂತಿತು. ಅದು ಕೂತರೆ ಗೆದ್ದ ಹಾಗೆ. ಜ್ಞಾನೇಶನನ್ನು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂರಿಸಿ ತೋರಿಸಿದೆ.

"ನೋಡ್ಕೋ. ಇನ್ಮೇಲೆ ಇದನ್ನ ಯಾರೂ ಮುಟ್ಟಂಗಿಲ್ಲ. ಬೆರಳಿನ್ ಜಿಡ್ಡೂ ತಾಕ್ಬಾರ್ದು. ಜಿಡ್ಡಾದ್ರೆ ಪ್ಯಾಡು ಜಾರ್ತದೆ, ಕಾರು ನಿಲ್ಲಲ್ಲ."

"ಆಯ್ತು ಬುಡ್ಲಾ. ದೇವ್ರಗುಡಿ ಥರ ಆಡ್ತೀಯಲ್ಲ."

ಶನಿವಾರ ಬೆಳಿಗ್ಗೆ ಕಾರನ್ನು ಲಾರಿಗೆ ಹತ್ತಿಸಿ ಸಾಹುಕಾರರ ಮನೆಯ ಮುಂದೆ ನಿಲ್ಲಿಸಿದೆವು. ನಾನು ಬಟ್ಟೆ ಬದಲಿಸಲು, ಪಾನಾ ಪೆಟ್ಟಿಗೆ ತರಲು ಮನೆಗೆ ಹೋದೆ. ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಬಾನೆಟ್ಟಿನ ಮೇಲೆ ವಿಭೂತಿ, ಚೆಂಡುಹೂವಿನ ಹಾರ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಜ್ಞಾನೇಶನ ತಾಯಿ ಮೀನಾಕ್ಷಮ್ಮನವರು ನನ್ನ ಕೈಗೂ ಬಾಳೆಹಣ್ಣು, ಕಾಯಿಚೂರು ಇಟ್ಟರು. ಸ್ಕೂಲಿಗೆ ಹೋಗುತ್ತಿದ್ದಾಗ ಆ ಮನೆಯಲ್ಲಿ ನನಗೆ ತಟ್ಟೆ ಹಾಕಿ ಊಟ ಕೊಟ್ಟವರು ಅವರೊಬ್ಬರೇ.

"ಜೋಪಾನವಾಗ್ ಕರ್ಕಂಡ್ ಬಾರಪ್ಪ ಅವ್ನ. ನಿನ್ ನಂಬ್ಕಂಡೇ ಕಳಿಸ್ತಿರಾದು."

"ಆಯ್ತಮ್ಮಾ."

ಗಾಜಿನ ಮೇಲಿನ ಕುಂಕುಮ ಒರೆಸಿದೆ. ಚಕ್ರದ ಕಡ್ಡಿಗಳ ನಡುವೆ ಡಿಸ್ಕು ಮಿಂಚುತ್ತಿತ್ತು. ಬೆಳಗಿನ ಬಿಸಿಲು ಎಂದುಕೊಂಡೆ. ಕೈ ಹಾಕಿ ನೋಡಲಿಲ್ಲ.

ಭಾನುವಾರ ಟ್ರ್ಯಾಕಿಗೆ ನಲವತ್ತು ಕಾರು ಬಂದಿದ್ದವು. ರೇಣುಕಪ್ರಸಾದ್ ಹೇಳಿದಂತೆ ಬಂದರು. ದಪ್ಪ ಮನುಷ್ಯ, ಆದರೂ ನನ್ನ ಹಾಗೇ ನೆಲಕ್ಕೆ ಬೆನ್ನು ಕೊಟ್ಟು ಮಲಗಿ, ಟಾರ್ಚು ಬಿಟ್ಟುಕೊಂಡು ಅಡಿಯೆಲ್ಲ ನೋಡಿದರು.

"ಪೈಪು ಕಟ್ಟಿರೋ ರೀತಿ ಚೆನ್ನಾಗಿದೆ. ಎಲ್ಲೂ ಉಜ್ಜಲ್ಲ. ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾರ್."

ಎದ್ದು ಅಂಗಿಯ ಧೂಳು ಕೊಡವಿಕೊಂಡು, "ಊಟದ ಹೊತ್ತಿಗೆ ಮಾತಾಡೋಣ" ಎಂದರು. ನನ್ನ ಹೆಸರನ್ನೂ ಕೇಳಿ ಫೋನಿನಲ್ಲಿ ಬರೆದುಕೊಂಡರು.

ಜ್ಞಾನೇಶ ಹೆಲ್ಮೆಟ್ ಹಾಕಿಕೊಂಡು, ವಿಡಿಯೋ ಮಾಡು ಅಂತ ತನ್ನ ಫೋನು ನನ್ನ ಕೈಗೆ ಕೊಟ್ಟ. ನಾನು ಬಾಗಿಲಿಗೆ ಬಗ್ಗಿ ಹೇಳಿದೆ: "ಮೊದ್ಲನೇ ರೌಂಡು ನಿಧಾನ. ಬ್ರೇಕನ್ನ ಮೆಲ್ಲಗ್ ಒತ್ತೊತ್ತಿ ಬಿಸಿ ಮಾಡ್ಕೋ. ಆಮ್ಯಾಕೆ ಜೋರು."

"ಗೊತ್ತು ಕಣ್ಲಾ. ಹೆಂಡ್ತಿ ಥರ ಕೊರೀಬ್ಯಾಡ."

ಹೋದ. ನಿಧಾನ ಎಲ್ಲಿ ಬಂತು, ರಸ್ತೆ ಸಿಕ್ಕಿದ ತಕ್ಷಣ ಆಕ್ಸಿಲರೇಟರ್ ಪೂರ್ತಿ ಒತ್ತಿದ. ಇಂಜಿನ್ನಿನ ಸದ್ದು ನೆಟ್ಟಗೆ ಮೇಲಕ್ಕೆ ಹೋಯಿತು, ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ನೇರ ರಸ್ತೆಯ ಕೊನೆಯಲ್ಲಿ ಬಲಕ್ಕೆ ತಿರುವು. ಹಿಂದಿನ ಕೆಂಪು ದೀಪಗಳು ಹೊತ್ತಿಕೊಂಡವು. ಅಂದರೆ ಬ್ರೇಕ್ ಒತ್ತಿದ್ದಾನೆ. ಕಾರಿನ ಮೂತಿ ತಗ್ಗಬೇಕು. ತಗ್ಗಲಿಲ್ಲ. ದೀಪ ಉರಿಯುತ್ತಲೇ ಇದೆ, ಕಾರು ಹೋಗುತ್ತಲೇ ಇದೆ. ಫೋನು ಹಿಡಿದುಕೊಂಡು ನಾನು ಬೇಲಿಯ ಈಚೆ ನನ್ನ ಬಲಗಾಲನ್ನೇ ನೆಲಕ್ಕೆ ಒತ್ತುತ್ತಿದ್ದೆ. ಕಾರು ತಿರುವು ಬಿಟ್ಟು ನೇರ ಹೋಗಿ, ಜಲ್ಲಿ ಹಾರಿಸಿ, ಟೈರುಗಳ ಗೋಡೆಗೆ ಬಡಿಯಿತು.

ಓಡಿದೆ. ಬಾವುಟ ತೋರಿಸಲು ನಿಂತಿದ್ದ ಟ್ರ್ಯಾಕಿನ ಆಳು ಅಂಗಿ ಹಿಡಿದು ನಿಲ್ಲಿಸಿದ. ಟ್ರ್ಯಾಕಿನವರೇ ಹೋಗಬೇಕಂತೆ, ನಿಯಮವಂತೆ. ನನ್ನ ಕಾರು, ನನ್ನ ಗೆಳೆಯ, ನಾನು ಬೇಲಿ ಹಿಡಿದು ನಿಂತಿದ್ದೆ.

ಜ್ಞಾನೇಶನ ಭುಜದ ಮೂಳೆ ಮುರಿದಿತ್ತು, ಬೇರೇನೂ ಆಗಿರಲಿಲ್ಲ. ಎಳೆದು ತಂದ ಕಾರಿನ ಮುಂಭಾಗ ಅಪ್ಪಚ್ಚಿ. ಚಕ್ರಗಳಿಂದ ಹೊಗೆ ಬರುತ್ತಿತ್ತು. ಅಲ್ಲಿದ್ದವರು "ಏನಿದು ವಾಸನೆ, ಏನಿದು ವಾಸನೆ" ಎನ್ನುತ್ತಿದ್ದರು. ತಿಪಟೂರಿನವನಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಎಣ್ಣೆ ಮಿಲ್ಲಿನ ಹಿಂದಿನ ರಸ್ತೆಯಲ್ಲಿ ದಿನಾ ಮೂಗಿಗೆ ಹೊಡೆಯುವ ವಾಸನೆ. ಕೊಬ್ಬರಿ ಎಣ್ಣೆ.

ರೇಣುಕಪ್ರಸಾದ್ ಚಕ್ರದೊಳಗೆ ಬೆರಳು ಹಾಕಿ, ಡಿಸ್ಕಿನ ನಡುವಿನ ಭಾಗ ಸವರಿ, ಮೂಸಿ ನೋಡಿದರು. "ಬ್ರೇಕ್ ಯಾರ ಕೆಲಸ?"

ಸ್ಟ್ರೆಚರಿನ ಮೇಲಿಂದ ಜ್ಞಾನೇಶ ನನ್ನ ಕಡೆ ಕಣ್ಣು ತಿರುಗಿಸಿ, "ಅವ್ನೇ ಸಾರ್, ಎಲ್ಲಾ ಅವ್ನೇ ಮಾಡಿದ್ದು" ಎಂದ.

"ಎಣ್ಣೆ ಕೈಲಿ ಡಿಸ್ಕ್ ಮುಟ್ಟಿದೀಯಲ್ಲೋ ತಮ್ಮಾ." ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಳು ಒರೆಸಿಕೊಂಡು ಹೋದರು.

ಆಸ್ಪತ್ರೆಯಲ್ಲಿ ಜ್ಞಾನೇಶನ ಫೋನು ಇನ್ನೂ ನನ್ನ ಹತ್ತಿರವೇ ಇತ್ತು. ಏನಾಯಿತೆಂದು ನೋಡಲು ನಾನು ತೆಗೆದ ವಿಡಿಯೋ ಹುಡುಕಿದೆ. ಅದರ ಪಕ್ಕದಲ್ಲೇ ಶನಿವಾರದ ಪೂಜೆಯದು. ಒತ್ತಿದೆ. ಮೀನಾಕ್ಷಮ್ಮನವರು ಲಾರಿಯ ಮೇಲೆ ನಿಂತಿದ್ದಾರೆ, ಕೈಯಲ್ಲಿ ಎಣ್ಣೆ ಬಟ್ಟಲು, ಹಳೆಯ ಪಂಚೆಯ ಚೂರು. ನಮ್ಮ ಕಡೆ ಆಯುಧಪೂಜೆಗೆ ಕುಡುಗೋಲು, ಗುದ್ದಲಿ, ಕಾಯಿ ಸುಲಿಯುವ ಹಾರೆ, ಕಬ್ಬಿಣ ಅಂತ ಏನೇನಿದೆಯೋ ಎಲ್ಲಕ್ಕೂ ಎಣ್ಣೆ ಸವರಿಯೇ ಕುಂಕುಮ ಇಡುವುದು. ನಮ್ಮವ್ವನೂ ಹಾಗೇ ಮಾಡುತ್ತಾಳೆ. ಅವರು ಚಕ್ರದ ಕಡ್ಡಿಗಳ ನಡುವೆ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡು ಕೈ ತೂರಿಸಿ, ಡಿಸ್ಕಿಗೆ ಎಣ್ಣೆ ಸವರುತ್ತಿದ್ದರು. ಮಗುವಿನ ತಲೆಗೆ ಹಚ್ಚಿದ ಹಾಗೆ.

"ಕಬ್ಣ ತುಕ್ಕು ಹಿಡೀಬಾರ್ದು ಕಣಪ್ಪ."

ಫೋನು ಹಿಡಿದಿದ್ದವನ ದನಿ: "ಇನ್ನೂ ಒಳಗಡೆ ಬಳಿಯಮ್ಮ, ವಿಡಿಯೋದಲ್ ಮಿಂಚ್ತದೆ."

ಜ್ಞಾನೇಶನ ದನಿ.

ಹಾಸಿಗೆಯ ಹತ್ತಿರ ಹೋಗಿ ಅವನ ಮುಖಕ್ಕೇ ಹಿಡಿದೆ. ಎರಡು ಸಲ ನೋಡಿದ. ಎಡಗೈಯಲ್ಲಿ ಫೋನು ತೆಗೆದುಕೊಂಡ. ಹೆಬ್ಬೆರಳಿನಲ್ಲಿ ಏನೋ ಒತ್ತಿದ, ಮತ್ತೊಂದು ಸಲ ಒತ್ತಿದ.

"ಏನ್ಲಾ ಮಾಡ್ದೆ?"

"ಡಿಲೀಟ್ ಮಾಡ್ದೆ. ಅಮ್ಮಂಗ್ ಗೊತ್ತಾದ್ರೆ ಸತ್ತೋಗ್ತಾಳೆ ಕಣ್ಲಾ. ಅವ್ಳ್ ಹೆಸ್ರು ಎತ್ಬ್ಯಾಡ."

"ಅವ್ರ್ ಹೆಸ್ರು ಬ್ಯಾಡ. ನಿನ್ ಹೆಸ್ರು ಹೇಳು. ನಾನು ಮುಟ್ಬ್ಯಾಡ ಅಂದಿದ್ದೆ ಅಂತ ಹೇಳು."

ಚಾವಣಿಯ ಕಡೆ ನೋಡುತ್ತ ಮಲಗಿದ. ಆಮೇಲೆ, "ನಿಂದೇನ್ ಹೋಗ್ತದ್ಲಾ? ಜನ ನಿಂಗೆ ಬೈತಾನೇ ಇರ್ತಾರೆ" ಎಂದ.

ಹೊಡೆಯಬೇಕಿತ್ತು. ಮುರಿದ ಭುಜದವನಿಗೆ ಹೇಗೆ ಹೊಡೆಯುವುದು? ಆ ವಿಡಿಯೋವನ್ನು ಮೊದಲೇ ನನ್ನ ಫೋನಿಗೆ ಕಳಿಸಿಕೊಳ್ಳಬೇಕಿತ್ತು, ಅದೂ ಹೊಳೆಯಲಿಲ್ಲ. ಗೆಳೆಯನಿಗೆ ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಮರುದಿನ ರೇಣುಕಪ್ರಸಾದ್ ಅವರಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ತೊದಲಿಕೊಂಡು. ಪೂರ್ತಿ ಕೇಳಿಸಿಕೊಂಡರು.

"ನೀನು ಹೇಳೋದು ನಿಜಾನೇ ಅಂದ್ಕೊಳೋಣ. ಟ್ರ್ಯಾಕಿಗೆ ಬಿಡೋ ಮುಂಚೆ ಡಿಸ್ಕ್ ಒರೆಸಿ ನೋಡೋದು ಯಾರ ಕೆಲಸ ತಮ್ಮಾ?"

ಅದು ನನ್ನ ಕೆಲಸವೇ. ಮಿಂಚಿದ್ದನ್ನು ಕಂಡಿದ್ದೆ, ಕೈ ಹಾಕಿರಲಿಲ್ಲ. ಎಲ್ಲರ ಮೇಲೂ ಉರಿಯುವ ಸಿಟ್ಟು ಅಲ್ಲಿಗೆ ಬಂದರೆ ನನ್ನನ್ನೇ ಸುಡುತ್ತದೆ. ಅವರು "ಆಯ್ತು, ಇಡ್ತೀನಿ" ಎಂದರು. ಆಮೇಲೆ ನನ್ನ ಫೋನು ಎತ್ತಲಿಲ್ಲ.

ಗ್ಯಾರೇಜಿಗೆ ಬರುವವರು ಈಗ ಟ್ರ್ಯಾಕ್ಟರ್ ಬಿಡುವಾಗಲೂ "ಬ್ರೇಕ್ ತಂಟೆಗ್ ಹೋಗ್ಬ್ಯಾಡಪ್ಪೋ" ಎಂದು ನಗುತ್ತಾರೆ.

ಹತ್ತು ದಿನದ ಮೇಲೆ ಕಾರಿನ ಇನ್ನೊಂದು ಬೀಗದ ಕೈ ಕೊಡಲು ಸಾಹುಕಾರರ ಮನೆಗೆ ಹೋದೆ. ಅಳಿದುಳಿದ ಕಾರನ್ನು ಮಾರುತ್ತಾರಂತೆ. ನಡುಮನೆಯಲ್ಲಿ ಜ್ಞಾನೇಶನನ್ನು ನೋಡಲು ಬಂದ ನೆಂಟರು ಏಳೆಂಟು ಜನ. ಅವನು ಕೈಗೆ ಜೋಳಿಗೆ ಕಟ್ಟಿಸಿಕೊಂಡು ದಿವಾನದ ಮೇಲೆ ಒರಗಿದ್ದ, ಟಿವಿ ಓಡುತ್ತಿತ್ತು. ಸಾಹುಕಾರರು ನನ್ನ ಮುಖ ನೋಡಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ.

ಒಳಗಿಂದ ಮೀನಾಕ್ಷಮ್ಮನವರು ಕಾಫಿ ಲೋಟ ಹಿಡಿದು ಬಂದರು. ನನಗೇ ತಂದದ್ದು. ಕೈಗೆ ಕೊಟ್ಟು, ಹೋಗದೆ ಅಲ್ಲೇ ನಿಂತರು. ಕಣ್ಣು ಕೆಂಪಾಗಿದ್ದವು.

"ಸೂರಿ, ನಮ್ಮನೇಲಿ ನಿಂಗೇನ್ ಕಮ್ಮಿ ಮಾಡಿದ್ವಪ್ಪ? ಅಷ್ಟು ನಂಬಿ ಕಳಿಸಿದ್ನಲ್ಲ. ಬ್ರೇಕ್ ಒಂದ್ಸಲ ನೋಡಕ್ಕೆ ಏನಾಗಿತ್ತು ನಿಂಗೆ?"

ನೆಂಟರೆಲ್ಲ ನನ್ನನ್ನು ನೋಡಿದರು. ನಾನು ಜ್ಞಾನೇಶನನ್ನು ನೋಡಿದೆ. ಅವನು ರಿಮೋಟು ಹುಡುಕಿ ಟಿವಿಯ ಸದ್ದು ಎರಡು ಗೆರೆ ಏರಿಸಿದ.

"ಹೇಳಪ್ಪಾ. ಬೈಯಲ್ಲ ನಾನು. ಯಾಕಂಗಾಯ್ತು, ಹೇಳು."

ನಾಲಿಗೆಯ ತುದಿಗೆ ಬಂದಿತ್ತು. ಅವರ ಕೈ ನೋಡಿದೆ. ಇನ್ನೇನು ಅತ್ತೇಬಿಡುವ ಮುಖ ನೋಡಿದೆ. ಕಾಫಿಯನ್ನು ಕುಡಿಯದೆ ಬೀಗದ ಕೈಯ ಪಕ್ಕದಲ್ಲಿ ಇಟ್ಟೆ. ಬಾಗಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸಿ ಅಂಗಳ ದಾಟಿದೆ. ಗೇಟಿನ ಹತ್ತಿರ ಬಂದರೂ ಅವರ ದನಿ ಕೇಳುತ್ತಲೇ ಇತ್ತು, "ಹೇಳಿ ಹೋಗಪ್ಪಾ, ಸೂರಿ." ಗೇಟು ಎಳೆದುಕೊಂಡು ತುರುವೇಕೆರೆ ರಸ್ತೆಯ ಕಡೆ ನಡೆದೆ.